ಹಿಂದೆ ಕಟ್ಟಿದರೆ ಯಾರಿಗೆ ಕಾಣುತ್ತದೆ? ಹಳೆಯ ಮನೆಗೆ ಹೊಸ ಭಾಗ ಸೇರಿಸುವ ಅರ್ಜಿ ನೋಡುವ ಬಗೆ

ಪ್ರಶ್ನೆ: ನಮ್ಮದು ಪಾರಂಪರಿಕ ಪ್ರದೇಶವೆಂದು ಘೋಷಣೆಯಾದ ಹಳೆಯ ಬಡಾವಣೆ. ಇಲ್ಲಿನ ಮನೆಗಳಿಗೆ ಏನೇ ಸೇರಿಸಬೇಕಾದರೂ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ನಾನು ಈಚೆಗಷ್ಟೇ ಆ ಸಮಿತಿಗೆ ಸೇರಿದ್ದೇನೆ. ಆರ್ಕಿಟೆಕ್ಟ್ ಅಲ್ಲ, ಇಂಜಿನಿಯರೂ ಅಲ್ಲ. ನನ್ನ ಮುಂದೆ ಬಂದ ಮೊದಲ ಅರ್ಜಿಯೇ ತಲೆನೋವಾಗಿದೆ. ಸುಮಾರು ನೂರು ವರ್ಷದ, ಒಂದೇ ಅಂತಸ್ತಿನ ಇಟ್ಟಿಗೆ ಮನೆ. ಕಡಿದಾದ ಇಳಿಜಾರು ಚಾವಣಿ. ಹಿಂಗೋಡೆಗೆ ಅಂಟಿಸಿ ಎರಡು ಅಂತಸ್ತಿನ ಹೊಸ ಭಾಗ ಕಟ್ಟಬೇಕೆಂದು ಮನೆಯವರು ಕೇಳಿದ್ದಾರೆ. ಕೆಳಗೆ ವಯಸ್ಸಾದ ತಾಯಿಗೆ ಕೋಣೆ, ಬಾತ್‌ರೂಮು. ಮೇಲೆ ಮಕ್ಕಳಿಗೆ ಎರಡು ಕೋಣೆ. ಹೊಸ ಭಾಗ ಹಳೆಯ ಚಾವಣಿಯ ನೆತ್ತಿಗಿಂತ ಒಂದೂವರೆ ಮೀಟರ್ ಎತ್ತರ ಬರುತ್ತದೆ. ಎರಡು ನಕ್ಷೆ ಕೊಟ್ಟಿದ್ದಾರೆ: ಒಂದು ಹಳೆಯ ಮನೆಯ ಪಡಿಯಚ್ಚು, ಇನ್ನೊಂದು ಗಾಜಿನ ಗೋಡೆ, ಚಪ್ಪಟೆ ಚಾವಣಿಯದು. ಸಮಿತಿಯಲ್ಲಿ ಅರ್ಧ ಜನ ಮೊದಲನೆಯದಕ್ಕೆ, ಅರ್ಧ ಜನ ಎರಡನೆಯದಕ್ಕೆ. ಹಿರಿಯ ಸದಸ್ಯರೊಬ್ಬರು, 'ಹಿಂದೆ ತಾನೇ, ಬೀದಿಗೆ ಕಾಣಲ್ಲ, ಯಾವುದಾದರೂ ಪಾಸ್ ಮಾಡಿ' ಅನ್ನುತ್ತಾರೆ. ಪಕ್ಕದ ಮನೆಯವರು ಬೆಳಕು ಹೋಗುತ್ತದೆ ಎಂದು ಆಕ್ಷೇಪಣೆ ಕೊಟ್ಟಿದ್ದಾರೆ. ನಾನು ಏನು ನೋಡಬೇಕು? ಬೇಡ ಅನ್ನಬೇಕಾಗಿ ಬಂದರೆ ಆ ಕುಟುಂಬಕ್ಕೆ ಹೇಗೆ ಹೇಳಬೇಕು?

ಉತ್ತರ: ನಿಮ್ಮ ಸಮಿತಿಯ ಹೊತ್ತೆಲ್ಲ ಶೈಲಿಯ ಮೇಲೆ ಹೋಗುತ್ತಿದೆ. ಹಳೆಯದರಂತೆ ಇರಬೇಕೇ, ಹೊಸದಾಗಿ ಕಾಣಬೇಕೇ ಎಂಬುದು ನನ್ನ ಅನುಭವದಲ್ಲಿ ಕೊನೆಗೆ ಕೇಳಬೇಕಾದ ಪ್ರಶ್ನೆ. ಸಂರಕ್ಷಣಾ ಆರ್ಕಿಟೆಕ್ಟ್ ಆಗಿ ನಾನು ಮೇಜಿನ ಎರಡೂ ಕಡೆ ಕೂತಿದ್ದೇನೆ. ಅರ್ಜಿ ಹಾಕುವವರಿಗೆ ನಕ್ಷೆ ಮಾಡಿಕೊಟ್ಟಿದ್ದೇನೆ, ಸಮಿತಿಯಲ್ಲಿ ಕೂತು ಬೇರೆಯವರ ನಕ್ಷೆ ನೋಡಿದ್ದೇನೆ. ಹಳೆಯ ಮನೆ ಕೆಡುವುದು ಹೊಸ ಭಾಗದ ಶೈಲಿಯಿಂದ ಅಪರೂಪ. ಅದು ಕೆಡುವುದು ಹೊಸ ಭಾಗ ಎಲ್ಲಿ ಕೂತಿದೆ, ಎಷ್ಟು ದೊಡ್ಡದಿದೆ, ಹಳೆಯ ಗೋಡೆಯನ್ನು ಎಲ್ಲಿ ಮುಟ್ಟಿದೆ ಎಂಬುದರಿಂದ. ನೀವು ಆರ್ಕಿಟೆಕ್ಟ್ ಅಲ್ಲದಿದ್ದರೂ ಈ ಮೂರನ್ನೂ ನೋಡಬಹುದು.

ಮೊದಲು ಕೆಲವು ತಪ್ಪು ನಂಬಿಕೆಗಳನ್ನು ಬದಿಗಿಡೋಣ.

ಪಾರಂಪರಿಕ ಪ್ರದೇಶ ಅಂದಮೇಲೆ ಏನೂ ಬದಲಾಯಿಸುವಂತಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಇಂಥ ಪ್ರದೇಶಗಳ ಕಾನೂನು ಹುಟ್ಟಿದ್ದೇ ಬದಲಾವಣೆಯನ್ನು ನೋಡಿಕೊಂಡು ಹೋಗಲಿಕ್ಕೆ. ಅಮೆರಿಕದ ಚಾರ್ಲ್ಸ್‌ಟನ್ ನಗರ 1931ರಲ್ಲಿ ಹಳೆಯ ಬಡಾವಣೆಗೆ ಇಂಥ ನಿಯಮ ತಂದಿತು. ಬ್ರಿಟನ್ನಿನಲ್ಲಿ 1967ರ ಕಾಯ್ದೆಯಿಂದ ಸಂರಕ್ಷಿತ ಪ್ರದೇಶಗಳು ಬಂದವು. ಎರಡೂ ಕಡೆ ಜನ ಆ ಮನೆಗಳಲ್ಲಿ ಬದುಕುತ್ತಲೇ ಇದ್ದರು, ಈಗಲೂ ಇದ್ದಾರೆ. ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ಬಗ್ಗೆ ಆಸ್ಟ್ರೇಲಿಯಾದವರು 1979ರಲ್ಲಿ ಒಪ್ಪಿಕೊಂಡ ಬರ್ರಾ ಸನ್ನದಿನ ಮಾತು ನನಗೆ ಇಷ್ಟ: ಬೇಕಾದಷ್ಟು ಮಾಡಿ, ಆದರೆ ಆದಷ್ಟು ಕಡಿಮೆ ಬದಲಾಯಿಸಿ. ತಾಯಿಗೆ ನೆಲಮಹಡಿಯಲ್ಲಿ ಕೋಣೆ ಬೇಕು ಅನ್ನುವುದು 'ಬೇಕಾದಷ್ಟು' ಅನ್ನುವುದರೊಳಗೇ ಬರುತ್ತದೆ. ಜನ ವಾಸ ಮಾಡಲಾಗದೆ ಬಾಗಿಲು ಹಾಕಿದ ಹಳೆಯ ಮನೆ, ವಿಸ್ತರಣೆ ಮಾಡಿದ ಮನೆಗಿಂತ ಬೇಗ ಹಾಳಾಗುತ್ತದೆ. ಒಪ್ಪಿಗೆ ಕೊಡದಿರುವುದಕ್ಕೂ ಅಪಾಯ ಇದೆ ಎಂಬುದನ್ನು ಸಮಿತಿಗಳು ಮರೆಯುತ್ತವೆ.

ಎರಡನೆಯ ನಂಬಿಕೆ, ಹೊಸದು ಹಳೆಯದರ ಪಡಿಯಚ್ಚಾಗಿರಬೇಕು ಎಂಬುದು. ಈ ಜಗಳ ನಿಮ್ಮ ಸಮಿತಿಯಲ್ಲಿ ಶುರುವಾದದ್ದಲ್ಲ. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದೇ ಇಂಥ ನಕಲಿ ಹಳೆತನದ ವಿರುದ್ಧ. ಹಳೆಯ ಕಟ್ಟಡಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ 1964ರ ವೆನಿಸ್ ಸನ್ನದು ಇನ್ನೂ ಸ್ಪಷ್ಟ. ಬಿಟ್ಟುಹೋದ ಭಾಗಕ್ಕೆ ಬದಲಿ ಹಾಕಿದರೆ ಅದು ಒಟ್ಟು ಕಟ್ಟಡದೊಂದಿಗೆ ಹೊಂದಬೇಕು, ಆದರೆ ಮೂಲದಿಂದ ಬೇರೆ ಎಂದು ಗೊತ್ತಾಗಬೇಕು. ಹೊಸದಾಗಿ ಸೇರಿಸುವುದು ಕಟ್ಟಡದ ಮುಖ್ಯ ಭಾಗಗಳಿಗೆ, ಅದರ ಸಮತೋಲಕ್ಕೆ, ಸುತ್ತಲಿನ ಪರಿಸರಕ್ಕೆ ಧಕ್ಕೆ ತರಬಾರದು. ಅಮೆರಿಕದ ಸರ್ಕಾರಿ ಮಾನದಂಡವೂ ಹಾಗೇ ಹೇಳುತ್ತದೆ: ಹೊಸದು ಬೇರೆಯಾಗಿ ಕಾಣಲಿ, ಗಾತ್ರದಲ್ಲಿ, ಅಳತೆಯಲ್ಲಿ, ವಿವರಗಳಲ್ಲಿ ಹೊಂದಿಕೊಳ್ಳಲಿ. ಪಡಿಯಚ್ಚು ತೆಗೆದರೆ ಒಂದು ತಲೆಮಾರು ಕಳೆದಮೇಲೆ ಮೂಲ ಮನೆ ಎಲ್ಲಿಗೆ ಮುಗಿಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಹಾಗಂತ ಗಾಜಿನ ಪೆಟ್ಟಿಗೆಯೇ ಸರಿ ಎಂದು ನಾನು ಹೇಳುತ್ತಿಲ್ಲ. ಬೇರೆಯಾಗಿ ಕಾಣುವುದಕ್ಕೆ ಕಿರುಚಬೇಕಾಗಿಲ್ಲ. ಹೊಸ ಗೋಡೆ ಹಳೆಯ ಮೂಲೆಯಿಂದ ಒಂದಿಷ್ಟು ಒಳಗೆ ಸರಿದು ನಿಂತರೆ ಸಾಕು. ಅದೇ ಇಳಿಜಾರಿನ ಚಾವಣಿ, ಅದೇ ಬಗೆಯ ಇಟ್ಟಿಗೆ, ಆದರೆ ಕಿಟಕಿಯ ಸುತ್ತ ಅಲಂಕಾರ ಇಲ್ಲದ ಸರಳ ಚೌಕಟ್ಟು ಇದ್ದರೆ ಸಾಕು. ನೋಡಿದವರಿಗೆ ಇದು ಆಮೇಲೆ ಬಂದದ್ದು ಎಂದು ಗೊತ್ತಾಗುತ್ತದೆ, ಕಣ್ಣಿಗೂ ಚುಚ್ಚುವುದಿಲ್ಲ.

ಇನ್ನು ನಿಮ್ಮ ಹಿರಿಯ ಸದಸ್ಯರ ಮಾತು. ಅದರಲ್ಲಿ ಅರ್ಧ ನಿಜ ಇದೆ. ಹೊಸದನ್ನು ಹಿಂದೆ ಕಟ್ಟುವುದು ಒಳ್ಳೆಯದೇ, ನಾನೂ ಯಾವಾಗಲೂ ಅದನ್ನೇ ಹೇಳುತ್ತೇನೆ. ಆದರೆ ಒಂದಂತಸ್ತಿನ ಮನೆಯ ಹಿಂದೆ ಎರಡಂತಸ್ತು ಎದ್ದರೆ ಅದು ಹಿಂದೆ ಅಡಗಿ ಕೂರುವುದಿಲ್ಲ. ಹಳೆಯ ಚಾವಣಿಯ ಮೇಲಿಂದ ಇಣುಕುತ್ತದೆ. ಇಂಥ ಮನೆಯಲ್ಲಿ ಬೀದಿಗೆ ಕಾಣುವ ಮುಖ್ಯ ರೂಪವೇ ಆ ಚಾವಣಿ. ಆಕಾಶದ ಎದುರು ಖಾಲಿಯಾಗಿ ನಿಂತ ಆ ಗೆರೆ ಹೋದರೆ ಮುಂಗೋಡೆಯ ಒಂದು ಇಟ್ಟಿಗೆಯನ್ನೂ ಮುಟ್ಟದೆ ಮನೆಯ ಮುಖ ಬದಲಾಗುತ್ತದೆ. ಚಾವಣಿಯ ಮೇಲೇ ಮಹಡಿ ಏರಿಸುವುದಂತೂ ಬೇಡ. ಹಳೆಯ ಕಟ್ಟಡಗಳ ಸಂರಕ್ಷಣೆಯನ್ನೂ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಮಾರ್ಗದರ್ಶಿ ಒಂದು, ಎರಡು, ಮೂರು ಅಂತಸ್ತಿನ ಕಟ್ಟಡಗಳಿಗೆ ಅದು ಸಾಮಾನ್ಯವಾಗಿ ಹೊಂದುವುದಿಲ್ಲ ಎಂದೇ ಹೇಳುತ್ತದೆ.

ಕಾಣುತ್ತದೋ ಇಲ್ಲವೋ ಎಂದು ವಾದ ಮಾಡುವ ಬದಲು ಹೋಗಿ ನೋಡಿ. ಹೊಸ ಭಾಗದ ಮೂಲೆಗಳಲ್ಲಿ, ಅದರ ನೆತ್ತಿಯ ಎತ್ತರಕ್ಕೆ ಉದ್ದನೆಯ ಕೋಲು ನಿಲ್ಲಿಸಿ ಬಣ್ಣದ ಹಗ್ಗ ಕಟ್ಟಲು ಮನೆಯವರನ್ನು ಕೇಳಿ. ಸಮಿತಿಯ ಎಲ್ಲರೂ ಒಟ್ಟಿಗೆ ಹೋಗಿ. ಎದುರಿನ ಪಾದಚಾರಿ ದಾರಿಯಲ್ಲಿ ನಿಂತು ನೋಡಿ, ಎರಡು ಮನೆಗಳ ನಡುವಿನ ಸಂದಿಯಿಂದ ನೋಡಿ, ಬೀದಿಯ ತಿರುವಿನಿಂದ ನೋಡಿ, ಹಿಂದಿನ ಓಣಿಯಿದ್ದರೆ ಅಲ್ಲಿಂದಲೂ ನೋಡಿ. ಸಮಿತಿಯ ಮೇಜಿನ ಮೇಲೆ ತಿಂಗಳುಗಟ್ಟಲೆ ಎಳೆದಾಡಿದ ವಿಷಯ ಹಗ್ಗ ಕಟ್ಟಿದ ದಿನವೇ ಮುಗಿದದ್ದನ್ನು ನಾನು ನೋಡಿದ್ದೇನೆ.

ಕಂಪ್ಯೂಟರಿನಲ್ಲಿ ಮಾಡಿದ ಚಂದದ ಚಿತ್ರಗಳ ಬಗ್ಗೆ ಎಚ್ಚರ ಇರಲಿ. ಅವುಗಳಲ್ಲಿ ಕ್ಯಾಮೆರಾ ಎಲ್ಲಿದೆ ಎಂದು ಕೇಳಿ. ಮನುಷ್ಯನ ಕಣ್ಣಿನ ಎತ್ತರ ಹೆಚ್ಚುಕಡಿಮೆ 1.6 ಮೀಟರ್. ಅಗಲದ ಲೆನ್ಸ್ ಹಾಕಿದರೆ ಹಿಂದಿನ ಭಾಗ ನಿಜಕ್ಕಿಂತ ದೂರ, ನಿಜಕ್ಕಿಂತ ಚಿಕ್ಕದು ಕಾಣುತ್ತದೆ. ಮುಂದೆ ದೊಡ್ಡ ಮರ ಬರೆದು ಅದರ ಹಿಂದೆ ಹೊಸ ಗೋಡೆಯನ್ನು ಮುಚ್ಚುವುದೂ ಇದೆ. ಮರ ತೆಗೆದು ಇನ್ನೊಂದು ಚಿತ್ರ ಕೊಡಿ ಎನ್ನಿ. ಜತೆಗೆ ಬೀದಿಯಿಂದ ಹಿತ್ತಲವರೆಗೆ ಮನೆಯನ್ನು ಉದ್ದಕ್ಕೆ ಕತ್ತರಿಸಿದಂತೆ ತೋರಿಸುವ ಒಂದು ನಕ್ಷೆ, ಅಂದರೆ ಸೆಕ್ಷನ್, ಬೇಕು. ಎದುರು ರಸ್ತೆಯಲ್ಲಿ ನಿಂತವರ ಕಣ್ಣಿನಿಂದ ಹಳೆಯ ನೆತ್ತಿಯ ಮೇಲೆ ಹಾದು ಹೋಗುವ ಗೆರೆ ಅದರಲ್ಲಿರಲಿ. ಹೊಸ ಚಾವಣಿ ಆ ಗೆರೆಯ ಕೆಳಗಿದ್ದರೆ ನೇರ ಎದುರಿನಿಂದ ಕಾಣುವುದಿಲ್ಲ. ನಿಮ್ಮ ಅರ್ಜಿಯಲ್ಲಿ ಹೊಸ ಭಾಗ ಹಿಂಗೋಡೆಗೆ ಅಂಟಿಕೊಂಡು ಒಂದೂವರೆ ಮೀಟರ್ ಮೇಲೇಳುತ್ತದೆ. ಅದು ಗೆರೆ ದಾಟುತ್ತದೆ ಎಂದೇ ನನ್ನ ಅಂದಾಜು. ಹಗ್ಗ ಕಟ್ಟಿ ಖಾತ್ರಿ ಮಾಡಿಕೊಳ್ಳಿ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ನೋಡುವ ಜಾಗಕ್ಕೆ ಬರುತ್ತೇನೆ: ಹಳೆಯದೂ ಹೊಸದೂ ಸೇರುವ ಜಾಗ. ಮುಂದೊಂದು ದಿನ ಮನೆ ಸೋರುವುದು, ಬಿರುಕು ಬಿಡುವುದು, ಮರ ಕೊಳೆಯುವುದು ಎಲ್ಲ ಇಲ್ಲೇ. ಆದರೆ ಬಹಳಷ್ಟು ಅರ್ಜಿಗಳಲ್ಲಿ ಈ ಜಾಗಕ್ಕೆ ಒಂದು ಗೆರೆ ಬಿಟ್ಟರೆ ಬೇರೇನೂ ಇರುವುದಿಲ್ಲ.

ನೀರಿನಿಂದ ಶುರು ಮಾಡೋಣ. ಹಳೆಯ ಚಾವಣಿಯ ಹಿಂದಿನ ಇಳಿಜಾರಿನ ನೀರೆಲ್ಲ ಇಷ್ಟು ವರ್ಷ ಸೂರಿನಿಂದ ಹಿತ್ತಲಿಗೆ ಬೀಳುತ್ತಿತ್ತು. ಈಗ ಆ ಸೂರಿನ ಜಾಗದಲ್ಲೇ ಎರಡಂತಸ್ತಿನ ಗೋಡೆ ಎದ್ದರೆ ಅಷ್ಟೂ ನೀರು ಬಂದು ಆ ಗೋಡೆಗೆ ಬಡಿಯುತ್ತದೆ. ಅಲ್ಲೊಂದು ದೋಣಿ (ಮಳೆನೀರಿನ ಕಾಲುವೆ) ಮಾಡಿ ಪಕ್ಕಕ್ಕೆ ಹರಿಸುತ್ತೇವೆ ಅನ್ನುತ್ತಾರೆ. ಎರಡು ಎತ್ತರದ ಮೈಗಳ ನಡುವೆ ಸಿಕ್ಕಿಕೊಂಡ ದೋಣಿಯಲ್ಲಿ ಎಲೆ ತುಂಬಿದರೆ ನೀರು ಹೊರಗೆ ಚೆಲ್ಲುವುದಿಲ್ಲ, ಒಳಗೆ ಇಳಿಯುತ್ತದೆ. ಇಳಿದದ್ದು ಮೊದಲು ತಾಗುವುದು ಚಾವಣಿಯನ್ನು ಹೊರುವ ಓರೆ ಮರಗಳಾದ ಹಳೆಯ ಪಕ್ಕಾಸುಗಳ ತುದಿಗೆ, ಗೋಡೆಯ ತಲೆಗೆ. ಹೊರಗೆ ಕಲೆ ಕಾಣುವ ಹೊತ್ತಿಗೆ ಮರ ಮೆತ್ತಗಾಗಿರುತ್ತದೆ. ಇಂಥ ದೋಣಿ ಮಾಡಲೇಬೇಕಾದರೆ ಒಬ್ಬರು ಕಾಲಿಟ್ಟು ನಿಂತು ಗುಡಿಸುವಷ್ಟು ಅಗಲ ಇರಬೇಕು, ಎರಡು ಕಡೆ ನೀರು ಹೋಗಲು ದಾರಿ ಇರಬೇಕು, ಕಟ್ಟಿಕೊಂಡರೆ ಉಕ್ಕಿ ಹೊರಕ್ಕೇ ಬೀಳುವಂತೆ ಒಂದು ತೂತೂ ಇರಬೇಕು.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ಎರಡನ್ನೂ ಜೋಡಿಸುವ ಕಿರಿದಾದ, ತಗ್ಗಾದ, ಚಾವಣಿಯಿರುವ ಒಂದು ಓಣಿ ಬರಲಿ. ಅದರ ಚಾವಣಿ ಹಳೆಯ ಸೂರಿನ ಕೆಳಗೆ ತೂರಿ ಕೂರಲಿ. ಆಗ ಹಳೆಯ ಸೂರು ಇಡೀ ಉದ್ದಕ್ಕೆ ಹಾಗೇ ಉಳಿಯುತ್ತದೆ. ಒಂದು ಪಕ್ಕಾಸನ್ನೂ ಕತ್ತರಿಸಬೇಕಾಗಿಲ್ಲ. ನೀರು ಮೊದಲಿನಂತೆ ಬಿದ್ದು, ಕೆಳಗಿನ ಚಿಕ್ಕ ಚಾವಣಿಯ ಮೇಲೆ ಹರಿದು ಹೋಗುತ್ತದೆ. ಬೀದಿಯ ಕಡೆಯಿಂದ ನೋಡಿದವರಿಗೆ ಹಳೆಯ ಮನೆ ಇಲ್ಲಿಗೆ ಮುಗಿಯಿತು, ಆಚೆಗಿನದು ಬೇರೆ ಎಂದೂ ತಿಳಿಯುತ್ತದೆ.

ಆಮೇಲೆ ಪಾಯ. ನೂರು ವರ್ಷದ ಮನೆ ಕೂರಬೇಕಾದಷ್ಟು ಕೂತುಬಿಟ್ಟಿರುತ್ತದೆ. ಹೊಸದು ಇನ್ನು ಮೇಲೆ ಕೂರಬೇಕು. ಎರಡನ್ನೂ ಕಬ್ಬಿಣ ಹಾಕಿ ಬಿಗಿದರೆ ಹೊಸದು ಇಳಿಯುವಾಗ ಹಳೆಯದನ್ನೂ ಎಳೆಯುತ್ತದೆ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಆದ್ದರಿಂದ ಹೊಸ ಭಾಗ ತನ್ನ ಭಾರವನ್ನು ತಾನೇ ಹೊರಬೇಕು. ಎರಡರ ನಡುವೆ ಸಣ್ಣ ಸಂದು ಬಿಟ್ಟು, ಅಲುಗಾಟ ತಡೆದುಕೊಳ್ಳುವ ವಸ್ತುವಿನಿಂದ ಅದನ್ನು ಮುಚ್ಚಬೇಕು. ಹಳೆಯ ಮನೆಗಳ ಪಾಯ ಎಷ್ಟೋ ಸಲ ನಾವು ಅಂದುಕೊಂಡಷ್ಟು ಆಳ ಇರುವುದಿಲ್ಲ. ಅದರ ಪಕ್ಕದಲ್ಲೇ ಅದಕ್ಕಿಂತ ಆಳವಾಗಿ ಉದ್ದಕ್ಕೆ ಅಗೆದರೆ ಗೋಡೆಯ ಕೆಳಗಿನ ಮಣ್ಣೇ ಜಾರುತ್ತದೆ. ಮೊದಲು ಒಂದು ಪರೀಕ್ಷಾ ಗುಂಡಿ ತೋಡಿ ಹಳೆಯ ಪಾಯದ ತಳ ಎಲ್ಲಿದೆ ಎಂದು ನೋಡಿ, ಇಂಜಿನಿಯರ್ ವರದಿ ತನ್ನಿ ಎಂದು ಕೇಳುವ ಹಕ್ಕು ನಿಮಗಿದೆ. ಸುಮ್ನೆ 'ಇಂಜಿನಿಯರ್ ನೋಡಿಕೊಳ್ಳುತ್ತಾರೆ' ಅನ್ನುವ ಉತ್ತರ ಸಾಲದು.

ಮೂರನೆಯದು ಯಾರೂ ನೋಡದ ವಿಷಯ. ಮನೆಯ ನೆಲ ಮರದ ಹಲಗೆಯದಾಗಿದ್ದರೆ ಹಿಂಗೋಡೆಯ ಬುಡದಲ್ಲಿ ಸಣ್ಣ ಸಣ್ಣ ಗಾಳಿಕಿಂಡಿಗಳಿರುತ್ತವೆ. ನೆಲದ ಕೆಳಗೆ ಗಾಳಿ ಆಡುವುದು ಅವುಗಳಿಂದ. ಹೊಸ ಭಾಗದ ಕಾಂಕ್ರೀಟ್ ನೆಲ ಅವನ್ನು ಮುಚ್ಚಿಬಿಟ್ಟರೆ ತೇವ ಒಳಗೇ ಉಳಿದು ಮರ ಕೊಳೆಯುತ್ತದೆ. ನಕ್ಷೆಯಲ್ಲಿ ಆ ಕಿಂಡಿಗಳನ್ನು ಗುರುತಿಸಿದ್ದಾರೆಯೇ, ಹೊಸ ನೆಲದ ಅಡಿಯಲ್ಲಿ ಕೊಳವೆ ಹಾಕಿ ಗಾಳಿಗೆ ದಾರಿ ಕೊಟ್ಟಿದ್ದಾರೆಯೇ ನೋಡಿ. ಗೋಡೆಯೂ ಹಾಗೇ. ಹಳೆಯ ಇಟ್ಟಿಗೆ ಮೆದು, ಅದನ್ನು ಸುಣ್ಣದ ಗಾರೆಯಲ್ಲಿ ಕಟ್ಟಿದ್ದರೆ ತೇವ ಗಾರೆಯ ಮೂಲಕ ಆರಿಹೋಗುತ್ತದೆ. ಹೊಸ ಕೆಲಸ ಮಾಡುವಾಗ 'ಗಟ್ಟಿ ಇರಲಿ' ಎಂದು ಮೇಸ್ತ್ರಿ ಹಳೆಯ ಸಂದುಗಳಿಗೂ ಸಿಮೆಂಟ್ ತುಂಬಿದರೆ ಆ ದಾರಿ ಮುಚ್ಚುತ್ತದೆ. ಆಮೇಲೆ ತೇವ ಇಟ್ಟಿಗೆಯಿಂದಲೇ ಹೊರಬರಬೇಕು, ಇಟ್ಟಿಗೆಯ ಮುಖ ಪದರಪದರವಾಗಿ ಉದುರುತ್ತದೆ. ಹಳೆಯ ಗೋಡೆಗೆ ಸುಣ್ಣದ ಗಾರೆಯೇ ಎಂದು ಒಪ್ಪಿಗೆ ಪತ್ರದಲ್ಲಿ ಬರೆಸಿ.

ಹಿಂಗೋಡೆಯನ್ನು ಎಷ್ಟು ಒಡೆಯುತ್ತಾರೆ ಎಂಬುದೂ ಮುಖ್ಯ. ಎರಡೂ ನಕ್ಷೆಗಳಲ್ಲಿ ಇಡೀ ಹಿಂಗೋಡೆ ತೆಗೆದು ಒಂದೇ ದೊಡ್ಡ ಹಾಲ್ ಮಾಡಿದ್ದರೆ ನನಗೆ ಅದು ಒಪ್ಪಿಗೆಯಿಲ್ಲ. ಈಗಿರುವ ಹಿಂಬಾಗಿಲಿನಿಂದಲೇ ಹೊಸ ಭಾಗಕ್ಕೆ ಹೋಗಬಹುದು. ಇನ್ನೊಂದು ದಾರಿ ಬೇಕಿದ್ದರೆ ಒಂದು ಕಿಟಕಿಯ ಕೆಳಗಿನ ಇಟ್ಟಿಗೆಯಷ್ಟೇ ತೆಗೆದು, ಅದೇ ಅಗಲದಲ್ಲಿ, ಅದೇ ಕಮಾನಿನ ಕೆಳಗೆ ಬಾಗಿಲು ಮಾಡಬಹುದು. ಮುಂದೆ ಎಂದಾದರೂ ಹೊಸ ಭಾಗ ತೆಗೆದರೆ ಆ ಇಟ್ಟಿಗೆ ಮತ್ತೆ ಕಟ್ಟಿದರಾಯಿತು, ಹಳೆಯ ಮನೆ ಇದ್ದಂತೆ ಇರುತ್ತದೆ. ಅಮೆರಿಕದ ಮಾನದಂಡದ ಹತ್ತನೆಯ ಅಂಶ ಕೇಳುವುದು ಇದನ್ನೇ: ಸೇರಿಸಿದ್ದನ್ನು ನಾಳೆ ತೆಗೆದರೆ ಮೂಲ ಕಟ್ಟಡದ ರೂಪ ಉಳಿಯುತ್ತದೆಯೇ? ಯಾವ ದೇಶದ ಸಮಿತಿಗಾದರೂ ಇದು ಕೇಳಬೇಕಾದ ಪ್ರಶ್ನೆ ಎಂದು ನನ್ನ ನಂಬಿಕೆ. ಹಾಗೇ ಹಿತ್ತಲಲ್ಲಿ ಕೆಡವಬೇಕೆಂದಿರುವ ಹಳೆಯ ಅಡುಗೆಮನೆಯೋ ಇಳಿಮಾಡೋ ಇದ್ದರೆ, ಅದು ಯಾವಾಗಿನದು ಎಂದು ವಿಚಾರಿಸಿ. ಆಮೇಲೆ ಸೇರಿದ್ದು ಎಂದ ಮಾತ್ರಕ್ಕೆ ಬೆಲೆಯಿಲ್ಲದ್ದಲ್ಲ.

ಪಕ್ಕದ ಮನೆಯವರ ಬೆಳಕಿನ ವಿಷಯ ಬೇರೆ. ಅದು ಸಾಮಾನ್ಯವಾಗಿ ಕಟ್ಟಡ ನಿಯಮಗಳಿಗೆ ಸೇರಿದ್ದು, ನಿಮ್ಮ ಸಮಿತಿಯ ವ್ಯಾಪ್ತಿಗೆ ಬರುತ್ತದೆಯೇ ಎಂದು ಮೊದಲು ನಿಮ್ಮ ಪ್ರದೇಶದ ನಿಯಮ ತೆಗೆದು ಓದಿ. ಬರುವುದಾದರೆ ವರ್ಷದ ಅತಿ ಚಿಕ್ಕ ಹಗಲಿನ ದಿನ ನೆರಳು ಎಲ್ಲಿ ಬೀಳುತ್ತದೆ ಎಂಬ ಚಿತ್ರ ಕೇಳಿ. ಬರದಿದ್ದರೆ ಅದನ್ನು ನೆಪ ಮಾಡಿಕೊಂಡು ಅರ್ಜಿ ತಳ್ಳಬೇಡಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು?

ಪಡಿಯಚ್ಚಿನ ನಕ್ಷೆಗೆ ಒಪ್ಪಿಗೆ ಕೊಡಬಹುದು. ಬೀದಿಯಲ್ಲಿ ತಕ್ಷಣ ಗಲಾಟೆ ಆಗುವುದಿಲ್ಲ. ಆದರೆ ಎತ್ತರದ ತೊಂದರೆ, ದೋಣಿಯ ತೊಂದರೆ ಎರಡೂ ಹಾಗೇ ಉಳಿಯುತ್ತವೆ. ಗಾಜಿನದಕ್ಕೆ ಕೊಟ್ಟರೂ ಅವೇ ತೊಂದರೆಗಳು, ಜತೆಗೆ ರಾತ್ರಿ ದೀಪ ಹಾಕಿದಾಗ ಹಳೆಯ ಚಾವಣಿಯ ಹಿಂದೆ ಹೊಳೆಯುವ ಒಂದು ಗೋಡೆ. ಎರಡರಲ್ಲೂ ಇನ್ನೊಂದು ಅಪಾಯ ಇದೆ. ಇಂದು ಈ ಎತ್ತರಕ್ಕೆ ಹೂಂ ಅಂದರೆ ನಾಳೆ ಅದೇ ಸಾಲಿನ ಮುಂದಿನ ಮನೆಯವರು ಅದನ್ನೇ ತೋರಿಸಿ ಕೇಳುತ್ತಾರೆ, ಆಗ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ನಾನಾಗಿದ್ದರೆ ಎರಡನ್ನೂ ತಿರಸ್ಕರಿಸದೆ, ತಿದ್ದಿ ತನ್ನಿ ಎಂದು ಕಳಿಸುತ್ತಿದ್ದೆ. ತಾಯಿಯ ಕೋಣೆ, ಬಾತ್‌ರೂಮು ಹಿಂದೆ ಒಂದಂತಸ್ತಿನಲ್ಲಿ ಬರಲಿ, ತಗ್ಗಿನ ಓಣಿಯಿಂದ ಹಳೆಯ ಮನೆಗೆ ಸೇರಲಿ, ನೆಲ ಒಂದೇ ಮಟ್ಟದಲ್ಲಿರಲಿ. ಮಕ್ಕಳ ಕೋಣೆಗೆ ಹಳೆಯ ಚಾವಣಿಯ ಅಟ್ಟವನ್ನು ನೋಡಿ. ಕಡಿದಾದ ಇಳಿಜಾರು ಅಂದಿದ್ದೀರಿ, ಒಳಗೆ ನಿಲ್ಲುವಷ್ಟು ಎತ್ತರ ಸಿಗಬಹುದು. ಬೆಳಕಿನ ಕಿಟಕಿ ಹಿಂದಿನ ಇಳಿಜಾರಿನಲ್ಲಿ ಮಾತ್ರ ಇರಲಿ. ಇದರಲ್ಲೂ ತೊಡಕಿದೆ: ಹಳೆಯ ತೊಲೆಗಳು ಕೋಣೆಯ ಭಾರಕ್ಕೆ ಮಾಡಿದವಲ್ಲ, ಬಲಪಡಿಸಬೇಕಾಗುತ್ತದೆ. ಮೆಟ್ಟಿಲಿಗೆ ಕೆಳಗೆ ಜಾಗ ಹೋಗುತ್ತದೆ. ಬೆಂಕಿ ಬಿದ್ದರೆ ಹೊರಗೆ ಬರುವ ದಾರಿಯನ್ನೂ ಯೋಚಿಸಬೇಕು. ಅಟ್ಟ ಆಗದಿದ್ದರೆ ಹಿಂದಿನ ಭಾಗವನ್ನು ಹಿತ್ತಲಿನಲ್ಲಿ ಇನ್ನಷ್ಟು ದೂರ ತಳ್ಳಿ, ಮೇಲಿನ ಕೋಣೆಗಳನ್ನು ಚಾವಣಿಯ ಇಳಿಜಾರಿನೊಳಗೇ ಕೂರಿಸಿ, ನೆತ್ತಿಯನ್ನು ಹಳೆಯದಕ್ಕಿಂತ ಕೆಳಗೆ ಇಡಬಹುದು. ಅದಕ್ಕೆ ಹಿತ್ತಲು ಜಾಸ್ತಿ ಹೋಗುತ್ತದೆ. ಅಲ್ಲಿ ದೊಡ್ಡ ಮರ ಇದ್ದರೆ ಅದರ ಬೇರು ಎಲ್ಲಿವರೆಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಕುಟುಂಬಕ್ಕೆ ಹೇಗೆ ಹೇಳಬೇಕು ಎಂದು ಕೇಳಿದ್ದೀರಿ. 'ನಮಗೆ ಹಿಡಿಸಲಿಲ್ಲ' ಎಂದು ಮಾತ್ರ ಹೇಳಬೇಡಿ. ಯಾವ ನಿಯಮ, ನಕ್ಷೆಯ ಯಾವ ಭಾಗ, ಏನು ತೊಂದರೆ, ಏನು ಮಾಡಿದರೆ ಸರಿಹೋಗುತ್ತದೆ ಎಂದು ನಾಲ್ಕೂ ಬರೆದು ಕೊಡಿ. ಮೊದಲ ಸಾಲಿನಲ್ಲೇ ಹೇಳಿ: ತಾಯಿಗೆ ಕೆಳಗೆ ಕೋಣೆ ಬೇಕೆಂಬುದನ್ನು ಸಮಿತಿ ಒಪ್ಪಿದೆ. ಅಲ್ಲಿಂದ ಮುಂದಿನ ಮಾತು ಹಗುರಾಗುತ್ತದೆ. ಮನೆಯ ಅಂಗಳದಲ್ಲಿ ನಿಂತು ಬಾಯಿಮಾತಿನ ಭರವಸೆ ಕೊಡಬೇಡಿ, ಸಭೆಯಲ್ಲಿ ಪೆನ್ಸಿಲ್ ಹಿಡಿದು ಅವರ ಮನೆಯನ್ನು ನೀವೇ ಬರೆಯಲೂ ಹೋಗಬೇಡಿ. ಅದು ಅವರ ಆರ್ಕಿಟೆಕ್ಟ್ ಕೆಲಸ. ನಿಯಮ ಅವಕಾಶ ಕೊಟ್ಟರೆ ಕೆಳಗಿನ ಕೋಣೆಗೆ ಮೊದಲ ಹಂತದ ಒಪ್ಪಿಗೆ ಕೊಟ್ಟುಬಿಡಿ, ಅಟ್ಟದ ವಿಷಯ ಇಂಜಿನಿಯರ್ ವರದಿ ಬಂದಮೇಲೆ ನೋಡಬಹುದು. ಒಪ್ಪಿಗೆ ಪತ್ರದಲ್ಲಿ ಪರೀಕ್ಷಾ ಗುಂಡಿ, ಸುಣ್ಣದ ಗಾರೆ, ಗಾಳಿಕಿಂಡಿ, ಸೂರಿನ ಕೆಳಗಿನ ಜೋಡಣೆ ಇಷ್ಟನ್ನೂ ಷರತ್ತಾಗಿ ಹಾಕಿ. ಪಾಯ ಅಗೆದಾಗ ಒಮ್ಮೆ, ಹೊಸ ಚಾವಣಿ ಸೂರನ್ನು ಸೇರುವಾಗ ಒಮ್ಮೆ ಸಮಿತಿಯವರು ಹೋಗಿ ನೋಡುತ್ತಾರೆ ಎಂದೂ ಅದರಲ್ಲೇ ಬರೆಯಿರಿ.